ಸಾಕ್ಷ್ಯಚಿತ್ರಕ್ಕೆ ಬರೆಯುವವರ ಕೆಲಸ ಏನು? ಜೆಫ್ರಿ ವಾರ್ಡ್ ಬಗ್ಗೆ ಗೊತ್ತಿರುವವರು ಹೇಳಿ

ಧಾರವಾಡದ ಓದುಗಿ:

ನಮಸ್ಕಾರ ಎಲ್ಲರಿಗೂ. ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ ಸರಣಿಯನ್ನು ಈಗಷ್ಟೇ ನೋಡಿ ಮುಗಿಸಿದೆ. ಅಮೆರಿಕದ ಅಂತರ್ಯುದ್ಧದ ಕತೆ, 1990ರದ್ದು, 9 ಕಂತು, ಹನ್ನೊಂದು ಗಂಟೆಗೂ ಜಾಸ್ತಿ. ಇದರ ಬಗ್ಗೆ ಯಾರನ್ನು ಕೇಳಿದರೂ ಹಳೆ ಫೋಟೊಗಳ ಮೇಲೆ ನಿಧಾನವಾಗಿ ಸರಿಯುವ ಕ್ಯಾಮೆರಾ ಮತ್ತು ಆ ಪಿಟೀಲು, ಇವೆರಡನ್ನೇ ಹೇಳುತ್ತಾರೆ. ನನ್ನನ್ನು ಹಿಡಿದು ಕೂರಿಸಿದ್ದು ಬರವಣಿಗೆ.

ಶುರುವಿನಲ್ಲೇ ವಿಲ್ಮರ್ ಮೆಕ್‌ಲೀನ್ ಅನ್ನುವ ಒಬ್ಬ ಸಂಸಾರಸ್ಥನ ಕತೆ ಬರುತ್ತದೆ. 1861ರಲ್ಲಿ ಮೊದಲ ದೊಡ್ಡ ಕಾಳಗ ಅವನ ಜಮೀನಿನ ಸುತ್ತಲೇ ನಡೆಯಿತು, ಒಂದು ಗುಂಡು ಬಂದು ಅಡುಗೆಮನೆಯ ಒಲೆಗೇ ಬಿತ್ತು. ಈ ಯುದ್ಧದ ಗೊಡವೆಯೇ ಬೇಡ ಅಂತ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಪೊಮ್ಯಾಟಕ್ಸ್ ಅನ್ನುವ ದೂರದ ಹಳ್ಳಿಗೆ ಹೋಗಿ ನೆಲೆಸಿದ. 1865ರಲ್ಲಿ ದಕ್ಷಿಣದ ಸೇನೆಯ ಜನರಲ್ ಲೀ ಶರಣಾಗಿದ್ದು ಅದೇ ಮನುಷ್ಯನ ಹೊಸ ಮನೆಯ ಪಡಸಾಲೆಯಲ್ಲಿ! ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಯುದ್ಧವನ್ನು ಒಬ್ಬ ಕಿರಾಣಿ ವ್ಯಾಪಾರಿಯ ಮನೆಯಿಂದ ಶುರು ಮಾಡೋಣ ಅಂತ ಯಾರೋ ಕೂತು ಯೋಚಿಸಿರಬೇಕು ಅಲ್ವಾ?

ಬರೆದವರ ಹೆಸರು ನೋಡಿದರೆ ಜೆಫ್ರಿ ಸಿ. ವಾರ್ಡ್, ರಿಕ್ ಬರ್ನ್ಸ್, ಕೆನ್ ಬರ್ನ್ಸ್. ಆಮೇಲೆ ಹುಡುಕುತ್ತಾ ಹೋದರೆ ಬರ್ನ್ಸ್ ಅವರ ಎಷ್ಟೋ ಸರಣಿಗಳಲ್ಲಿ ಈ ವಾರ್ಡ್ ಹೆಸರು ಇದ್ದೇ ಇದೆ. ಇವರು ಯಾರು? ಇಂಥವರ ಕೆಲಸ ಏನು? ಫೋಟೊ ಹಳೇದು, ಕಾಗದಗಳು ಯಾರೋ ಬರೆದದ್ದು, ಮಾತಾಡುವವರು ಇತಿಹಾಸಕಾರರು. ಹಾಗಾದರೆ ಇವರು ಬರೆಯುವುದು ಏನನ್ನು?

ಕೇಳುವುದಕ್ಕೆ ಕಾರಣ ಇದೆ. ನಾನು ಇತಿಹಾಸದಲ್ಲಿ ಎಂಎ ಮಾಡಿದ್ದೇನೆ. ಈಗ ಒಂದು ಕಂಪನಿಗೆ ವೆಬ್‌ಸೈಟ್ ಬರಹ ಬರೆದುಕೊಡುತ್ತೇನೆ. ಗೆಳೆಯನೊಬ್ಬ ಒಳ್ಳೆ ಕ್ಯಾಮೆರಾಮನ್, ಇಬ್ಬರೂ ಸೇರಿ ಕನ್ನಡದಲ್ಲಿ ಒಂದು ಚಿಕ್ಕ ಸಾಕ್ಷ್ಯಚಿತ್ರ ಮಾಡಬೇಕು ಅಂತಿದ್ದೇವೆ. ಅವನು ‘ಮೊದಲು ಶೂಟ್ ಮಾಡೋಣ, ಆಮೇಲೆ ನೀನು ವಾಯ್ಸ್ ಓವರ್ ಬರೆದುಕೊಡು, ಎರಡು ದಿನದ ಕೆಲಸ’ ಅನ್ನುತ್ತಾನೆ. ನನಗೆ ಅದು ಒಪ್ಪಿಗೆ ಆಗುತ್ತಿಲ್ಲ. ಆದರೆ ಯಾಕೆ ಅಂತ ಹೇಳುವುದಕ್ಕೂ ಬರುತ್ತಿಲ್ಲ.

---

ಹಳೇ ಪತ್ರಿಕೆ ರಾಶಿ:

ವಾರ್ಡ್ ಬಗ್ಗೆ ಕನ್ನಡದಲ್ಲಿ ಯಾರೋ ಕೇಳಿದರಲ್ಲ, ಬಹಳ ಖುಷಿಯಾಯಿತು. ನಾನು ಅವರ ಸಿನಿಮಾಗಿಂತ ಮೊದಲು ಪುಸ್ತಕ ಓದಿದವನು. ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಹುಟ್ಟಿದ್ದು 1940ರಲ್ಲಿ, ಒಹಾಯೊ ರಾಜ್ಯದ ನ್ಯೂವಾರ್ಕ್‌ನಲ್ಲಿ. ಚಿಕ್ಕ ಹುಡುಗನಾಗಿದ್ದಾಗ ಪೋಲಿಯೊ ಬಂತು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1950ರ ದಶಕದಲ್ಲಿ ಅಪ್ಪನಿಗೆ ಫೋರ್ಡ್ ಫೌಂಡೇಶನ್ ಕೆಲಸದ ಮೇಲೆ ಭಾರತಕ್ಕೆ ಬರಬೇಕಾಯಿತು. ಹಾಗಾಗಿ ವಾರ್ಡ್ ಹರೆಯದ ಕೆಲವು ವರ್ಷ ಕಳೆದದ್ದು ದೆಹಲಿಯಲ್ಲಿ. ನಮ್ಮ ದೇಶದ ನಂಟು ಅವರಿಗೆ ಆಮೇಲೂ ಬಿಡಲಿಲ್ಲ. ಹೆಂಡತಿ ಡಯಾನ್ ರೈನ್ಸ್ ವಾರ್ಡ್ ಜೊತೆ ಸೇರಿ 1993ರಲ್ಲಿ ‘ಟೈಗರ್-ವಾಲಾಸ್’ ಅಂತ ಪುಸ್ತಕ ತಂದರು. ರಣಥಂಭೋರಿನ ಫತೇಹ್ ಸಿಂಗ್ ರಾಠೋಡ್, ದುಧ್ವಾದ ಬಿಲ್ಲಿ ಅರ್ಜನ್ ಸಿಂಗ್ ಅಂಥ, ಹುಲಿಗಾಗಿ ಜೀವ ಸವೆಸಿದವರ ಕತೆ ಅದು.

ಓದಿದ್ದು ಓಬರ್ಲಿನ್ ಕಾಲೇಜಿನಲ್ಲಿ. ಆಮೇಲೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಚಿತ್ರಗಳನ್ನು ಹುಡುಕಿ ಆರಿಸುವ ಕೆಲಸ. ನನ್ನ ಪ್ರಕಾರ ಅವರ ನಿಜವಾದ ತರಬೇತಿ ಅಲ್ಲೇ ಆಯಿತು. ಯಾವ ಫೋಟೊ ತಾನೇ ಮಾತಾಡುತ್ತದೆ, ಯಾವುದಕ್ಕೆ ಕೆಳಗೆ ಎರಡು ಸಾಲು ಬೇಕು ಅನ್ನುವುದು ಅಂಥ ಕಡೆ ವರ್ಷಗಟ್ಟಲೆ ಕೂತರೆ ತಾನೇ ಬರುತ್ತದೆ. ಆಮೇಲೆ ‘ಅಮೆರಿಕನ್ ಹೆರಿಟೇಜ್’ ಅನ್ನುವ ಇತಿಹಾಸದ ಪತ್ರಿಕೆ ಸೇರಿದರು, 1977ರಿಂದ 1982ರವರೆಗೆ ಅದರ ಸಂಪಾದಕರು. ಅದನ್ನು ಬಿಟ್ಟು ಪುಸ್ತಕಕ್ಕೆ ಕೂತರು.

ಯಾರ ಮೇಲೆ ಅಂದರೆ, ಪೋಲಿಯೊ ಬಂದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಮೇಲೆ. ಮೊದಲ ಸಂಪುಟ 1985ರಲ್ಲಿ ಬಂತು. ಎರಡನೆಯದು ‘ಎ ಫಸ್ಟ್-ಕ್ಲಾಸ್ ಟೆಂಪರಮೆಂಟ್’, 1989. ಅದಕ್ಕೆ ಅಮೆರಿಕದ ಪುಸ್ತಕ ವಿಮರ್ಶಕರ ವಲಯದ ಪ್ರಶಸ್ತಿ ಬಂತು. 1921ರಲ್ಲಿ, 39ನೇ ವಯಸ್ಸಿಗೆ ಕಾಯಿಲೆ ಬಿದ್ದು ಆಮೇಲೆಂದೂ ಆಸರೆಯಿಲ್ಲದೆ ನಡೆಯಲಾಗದೆ ಹೋದ ರೂಸ್ವೆಲ್ಟ್ ಬಗ್ಗೆ ಅದರಲ್ಲಿ ಬರೆದಿರುವ ಪುಟಗಳನ್ನು ಓದಿದರೆ ಗೊತ್ತಾಗುತ್ತದೆ, ಇದು ಆಸ್ಪತ್ರೆಯ ಹಾಸಿಗೆ ಕಂಡವನ ಬರಹ ಅಂತ. ಮುಂದೆ 2014ರಲ್ಲಿ ರೂಸ್ವೆಲ್ಟ್ ಮನೆತನದ ಮೇಲೆ 14 ಗಂಟೆಯ ಸರಣಿ ಬಂತಲ್ಲ, ಅದರಲ್ಲಿ ವಾರ್ಡ್ ಬರೆದದ್ದಷ್ಟೇ ಅಲ್ಲ, ಕ್ಯಾಮೆರಾ ಮುಂದೆಯೂ ಕೂತರು. ಪೋಲಿಯೊ ಬಗ್ಗೆ ಮಾತಾಡುವಾಗ ಅವರ ಗಂಟಲು ಕಟ್ಟುತ್ತದೆ. ಅದನ್ನು ನೋಡಲೇಬೇಕು ನೀವು.

ಬರ್ನ್ಸ್ ಜೊತೆಗಿನ ಕೆಲಸ ಹ್ಯೂಯಿ ಲಾಂಗ್ ಅನ್ನುವ ರಾಜಕಾರಣಿಯ ಮೇಲಿನ 1985ರ ಚಿತ್ರದ ಹೊತ್ತಿಗೇ ಶುರುವಾಗಿತ್ತು. ಆಮೇಲೆ ಸಿವಿಲ್ ವಾರ್, ಬೇಸ್‌ಬಾಲ್, ಜಾಝ್, ಎರಡನೇ ಮಹಾಯುದ್ಧ, ವಿಯೆಟ್ನಾಂ, 2025ರಲ್ಲಿ ಬಂದ ಅಮೆರಿಕನ್ ಕ್ರಾಂತಿಯ ಸರಣಿ. ನಾಲ್ಕು ದಶಕ. ಗಮನಿಸಿ, ಸಿವಿಲ್ ವಾರ್ ಬಂದಾಗ ಅವರಿಗೆ ಹತ್ತಿರ ಹತ್ತಿರ 50 ವರ್ಷ. ‘ಸಾಕ್ಷ್ಯಚಿತ್ರ ಲೇಖಕ’ ಅನ್ನುವ ಕೆಲಸಕ್ಕೆ ಅರ್ಜಿ ಹಾಕಿ ಸೇರಿದವರಲ್ಲ. ಅಷ್ಟು ವರ್ಷ ಓದಿ, ಸಂಪಾದಿಸಿ, ಬರೆದದ್ದೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಯಿತು.

---

ಎಡಿಟ್ ರೂಮಿನವ:

ನಿಮ್ಮ ಗೆಳೆಯನಿಗೆ ಈ ಉತ್ತರ ತೋರಿಸಿ ಮೇಡಂ. ನಾನು ಬೆಂಗಳೂರಿನಲ್ಲಿ ಎಡಿಟರ್. ಶೂಟ್ ಮುಗಿಸಿ ಹಾರ್ಡ್ ಡಿಸ್ಕ್ ತಂದು ನನ್ನ ಮುಂದಿಟ್ಟು ‘ಇದರಲ್ಲಿ ಒಂದು ಕತೆ ಮಾಡಿ’ ಅನ್ನುವವರೇ ಜಾಸ್ತಿ. ಕತೆ ಆಗುವುದಿಲ್ಲ. ಚೆಂದದ ದೃಶ್ಯಗಳು ಸಾಲಾಗಿ ಬರುತ್ತವೆ, ಅವುಗಳ ಮೇಲೆ ಒಂದು ಗಂಭೀರ ಗಂಡು ದನಿ ನೋಡುವವರಿಗೆ ಆಗಲೇ ಕಾಣುತ್ತಿರುವುದನ್ನೇ ಇನ್ನೊಂದು ಸಲ ಹೇಳುತ್ತದೆ. ಪರದೆ ಮೇಲೆ ಹೊಳೆ ಹರಿಯುತ್ತಿದ್ದರೆ ‘ಇಲ್ಲಿ ಹೊಳೆ ಹರಿಯುತ್ತಿದೆ’ ಅಂತ.

ಬರ್ನ್ಸ್ ತಂಡದ ಪದ್ಧತಿ ಪೂರ್ತಿ ಬೇರೆ. ಬರೆಯುವವರು ಫೋಟೊ ಇದೆಯೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳದೆ ಬರೆಯುತ್ತಾರೆ. ಫೋಟೊ ಹುಡುಕುವವರು ಸ್ಕ್ರಿಪ್ಟ್‌ನಲ್ಲಿ ಏನಿದೆ ಅಂತ ನೋಡದೆ ಸಿಕ್ಕಿದ್ದೆಲ್ಲ ಕೂಡಿಹಾಕುತ್ತಾರೆ. ಸಿವಿಲ್ ವಾರ್‌ಗೆ ಸುಮಾರು 16,000 ಹಳೆ ಫೋಟೊಗಳನ್ನು ಚಿತ್ರೀಕರಿಸಿದರಂತೆ, ಸರಣಿ ಮಾಡಲು ಹಿಡಿದ ಕಾಲ ಯುದ್ಧ ನಡೆದ ಕಾಲಕ್ಕಿಂತಲೂ ಹೆಚ್ಚು. ಆಮೇಲೆ ಒಂದು ಹಂತ ಬರುತ್ತದೆ. ಚಿತ್ರವೇ ಇಲ್ಲದೆ ಬರೀ ನಿರೂಪಣೆ, ಕಾಗದ ಓದುವ ದನಿಗಳು, ಸಂದರ್ಶನದ ತುಣುಕು ಮಾತ್ರ ಜೋಡಿಸಿ ಕೂತು ಕೇಳುತ್ತಾರೆ. ರೇಡಿಯೊ ಕೇಳಿದ ಹಾಗೆ. ಅದು ಕಿವಿಗೆ ಹಿಡಿಸಬೇಕು. ಹಿಡಿಸಲಿಲ್ಲ ಅಂದರೆ ಎಷ್ಟು ಒಳ್ಳೆ ಫೋಟೊ ಹಾಕಿದರೂ ಪ್ರಯೋಜನ ಇಲ್ಲ. ಎಡಿಟಿಂಗ್ ಮುಗಿಯುವವರೆಗೂ ಬರವಣಿಗೆ ಬದಲಾಗುತ್ತಲೇ ಇರುತ್ತದೆ, ಇತಿಹಾಸಕಾರರು ನೋಡಿ ತಿದ್ದುತ್ತಾರೆ.

ಅಂದರೆ ಬರೆಯುವವರ ಕೆಲಸದಲ್ಲಿ ನಿರೂಪಣೆಯ ಸಾಲು ಒಂದು ಸಣ್ಣ ಭಾಗ. ಎಲ್ಲಿಂದ ಶುರು, ಯಾರ ಕಣ್ಣಿಂದ ನೋಡಬೇಕು, ಯಾವ ಕಾಗದ ಯಾವ ಜಾಗದಲ್ಲಿ, ಎಲ್ಲಿ ಸುಮ್ಮನಿರಬೇಕು, ಇದನ್ನೆಲ್ಲ ತೀರ್ಮಾನಿಸುವುದೇ ಬರವಣಿಗೆ. ನೀವು ಹೇಳಿದ ಮೆಕ್‌ಲೀನ್ ಅದಕ್ಕೆ ಸರಿಯಾದ ಉದಾಹರಣೆ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ತೊಡಕಿದೆ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಶಾಟ್ ಇರುವುದು ನಾಲ್ಕೈದು ಸೆಕೆಂಡ್. ವಾಕ್ಯ ಉದ್ದ ಆದರೆ ಏನಾಯಿತು ಅಂತ ಕಿವಿಗೆ ಗೊತ್ತಾಗುವ ಹೊತ್ತಿಗೆ ಚಿತ್ರ ಮೂರು ಸಲ ಬದಲಾಗಿರುತ್ತದೆ. ನಿಮ್ಮ ಪಕ್ಕದ ಊರಿನದೇ ಉದಾಹರಣೆ ಕೊಡುತ್ತೇನೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದಲ್ಲ, ಅದರ ಮೇಲೆ ಬರೆಯುತ್ತೀರಿ ಅಂದುಕೊಳ್ಳಿ.

‘ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಕೈಮಗ್ಗದಲ್ಲಿ ನೇಯ್ದ ಖಾದಿ ಬಟ್ಟೆಯನ್ನು ಹುಬ್ಬಳ್ಳಿಯ ಬೆಂಗೇರಿಗೆ ತಂದು, ಬಣ್ಣ ಹಾಕಿ, ಅಳತೆಗೆ ಕತ್ತರಿಸಿ, ಹೊಲಿದು ರಾಷ್ಟ್ರಧ್ವಜವನ್ನು ತಯಾರಿಸಲಾಗುತ್ತದೆ.’

ಪೇಪರಿನಲ್ಲಿ ಓದುವುದಕ್ಕೆ ಇದು ಸಾಕು. ಚಿತ್ರದ ಮೇಲೆ ಕೂರುವುದಿಲ್ಲ. ಇದನ್ನೇ ಹೀಗೆ ಮಾಡಿ ನೋಡಿ:

‘ತುಳಸಿಗೇರಿ. ಬಟ್ಟೆ ಹುಟ್ಟುವುದು ಇಲ್ಲಿ. ಅದಕ್ಕೆ ಬಣ್ಣ ಸಿಗುವುದು ಬೆಂಗೇರಿಯಲ್ಲಿ.’

ಕತ್ತರಿಸುವುದು, ಹೊಲಿಯುವುದು ಕಾಣುತ್ತಿದೆ, ಹೇಳಬೇಕಾಗಿಲ್ಲ. ಮಗ್ಗದ ಸದ್ದು ಕೇಳಿಸಲಿ. ‘ತಯಾರಿಸಲಾಗುತ್ತದೆ’, ‘ಬಳಸಲಾಗುತ್ತದೆ’ ಅನ್ನುವ ಲಾಗುತ್ತದೆಗಳನ್ನು ಹುಡುಕಿ ಹುಡುಕಿ ತೆಗೆಯಿರಿ. ಮಾಡುವ ಮನುಷ್ಯ ಕಣ್ಣೆದುರಿಗೇ ಇರುವಾಗ ಅವನನ್ನು ವಾಕ್ಯದಿಂದ ಯಾಕೆ ಓಡಿಸುತ್ತೀರಿ?

ಇನ್ನೊಂದು ಅಭ್ಯಾಸ. ‘ವೈಲ್ಡ್ ಕರ್ನಾಟಕ’ಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೊ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ಅವರದ್ದು. ಎರಡನ್ನೂ ಪರದೆ ನೋಡದೆ ಬರೀ ಕೇಳಿ. ಎಲ್ಲಿ ಮಾತು ನಿಲ್ಲುತ್ತದೆ ಅಂತ ಗಮನಿಸಿ.

---

ಮೈಸೂರಿನ ಇತಿಹಾಸ ಮೇಷ್ಟ್ರು:

ಇಷ್ಟೆಲ್ಲ ಹೊಗಳಿಕೆ ನಡುವೆ ಒಂದು ಮಾತು ಹೇಳಲೇಬೇಕು. ಸಿವಿಲ್ ವಾರ್ ಸರಣಿಯನ್ನು ನಾನೂ ತರಗತಿಯಲ್ಲಿ ತೋರಿಸುತ್ತೇನೆ, ಮೆಚ್ಚಿಕೊಂಡೇ ತೋರಿಸುತ್ತೇನೆ. ಆದರೆ ಅಮೆರಿಕದ ಇತಿಹಾಸಕಾರರೇ ಅದರ ಬಗ್ಗೆ ಗಟ್ಟಿ ತಕರಾರು ಎತ್ತಿದ್ದಾರೆ. ಶೆಲ್ಬಿ ಫೂಟ್ ಅನ್ನುವ ದಕ್ಷಿಣದ ಕಾದಂಬರಿಕಾರರಿಗೆ ಸಿಕ್ಕ ಹೊತ್ತು ಎಷ್ಟು, ಗುಲಾಮಗಿರಿ ಬಗ್ಗೆ ಅಷ್ಟು ಖಡಾಖಂಡಿತವಾಗಿ ಮಾತಾಡಿದ ಕಪ್ಪು ಇತಿಹಾಸಕಾರ್ತಿ ಬಾರ್ಬರಾ ಫೀಲ್ಡ್ಸ್ ಅವರಿಗೆ ಸಿಕ್ಕ ಹೊತ್ತು ಎಷ್ಟು, ಹೋಲಿಸಿ ನೋಡಿ. ಫೂಟ್ ಕತೆ ಹೇಳುವ ರೀತಿ ಸೊಗಸು, ಎಷ್ಟು ಹೊತ್ತು ಬೇಕಾದರೂ ಕೇಳಬಹುದು. ಅದೇ ಸಮಸ್ಯೆ. ಸೊಗಸಾಗಿ ಹೇಳುವವರ ಕಡೆಗೆ ಕತೆ ವಾಲುತ್ತದೆ.

ಯುದ್ಧ ಮುಗಿದ ಮೇಲೆ ಬಿಡುಗಡೆಯಾದ ಕಪ್ಪು ಜನರ ಗತಿ ಏನಾಯಿತು ಅನ್ನುವುದು ಕೊನೆಯ ಕಂತಿನಲ್ಲಿ ಬಂದು ಹೋಗುತ್ತದೆ ಅಷ್ಟೇ. ಮುದುಕರಾದ ಎರಡೂ ಕಡೆಯ ಸಿಪಾಯಿಗಳು ಹಳೆ ರಣರಂಗ ಗೆಟಿಸ್‌ಬರ್ಗ್‌ನಲ್ಲಿ ಕೈ ಕುಲುಕುವುದನ್ನು ನೋಡುವಾಗ ಕಣ್ಣಲ್ಲಿ ನೀರು ಬರುತ್ತದೆ ನಿಜ. ಆದರೆ ಆ ರಾಜಿ ನಡೆದದ್ದು ಯಾರನ್ನು ಹೊರಗಿಟ್ಟು?

ಇದನ್ನು ಹೇಳುವುದು ವಾರ್ಡ್ ಅವರನ್ನು ಸಣ್ಣದು ಮಾಡುವುದಕ್ಕಲ್ಲ. ನೋಡುವವರು ಸುಮಾರು 4 ಕೋಟಿ ಜನ ಇದ್ದರು. ಅಷ್ಟು ಜನ ಒಂದೇ ಸಲ ಒಂದು ಇತಿಹಾಸವನ್ನು ಕೇಳಿಸಿಕೊಂಡರೆ ಆ ಸ್ಕ್ರಿಪ್ಟ್ ಬರೆದವರ ಹೊಣೆ ಪಠ್ಯಪುಸ್ತಕ ಬರೆದವರ ಹೊಣೆಗಿಂತ ದೊಡ್ಡದು. ನೀವು ಬೆಂಗೇರಿ ಬಗ್ಗೆ ಬರೆದರೂ ಅಷ್ಟೇ. ನೂಲುವ ಹೆಂಗಸಿಗೆ ದಿನಕ್ಕೆ ಎಷ್ಟು ಕೂಲಿ ಸಿಗುತ್ತದೆ ಅಂತ ಕೇಳದೆ ಧ್ವಜದ ಹೆಮ್ಮೆ ಮಾತ್ರ ಹೇಳಿ ಬರಬೇಡಿ.

---

ಧಾರವಾಡದ ಓದುಗಿ:

ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ನೀವು ಹೇಳಿದ್ದು ಮನಸ್ಸಿಗೆ ನಾಟಿತು, ಫೂಟ್ ಬಂದಾಗಲೆಲ್ಲ ನಾನೂ ಮುಂದಕ್ಕೆ ವಾಲಿಕೊಂಡು ಕೇಳುತ್ತಿದ್ದೆ.

ಒಂದು ಅನುಮಾನ. ಸಲಿವನ್ ಬಲ್ಲೂ ಅನ್ನುವ ಮೇಜರ್ ಹೆಂಡತಿ ಸಾರಾಗೆ ಬರೆದ ಕಾಗದವನ್ನು ಮೊದಲ ಕಂತಿನ ಕೊನೆಗೆ ಓದುತ್ತಾರಲ್ಲ, ಅದರ ಪೂರ್ತಿ ಪಾಠ ಓದಿದೆ. ಚಿತ್ರದಲ್ಲಿ ಬಂದಿರುವುದಕ್ಕಿಂತ ಅದು ಉದ್ದ ಇದೆ. ಮಕ್ಕಳ ಬಗ್ಗೆ, ತನ್ನ ಅಮ್ಮನ ಬಗ್ಗೆ ಬರೆದದ್ದನ್ನು ಕತ್ತರಿಸಿದ್ದಾರೆ. ಹೀಗೆ ಮಾಡಬಹುದಾ? ಸತ್ತವರ ಕಾಗದಕ್ಕೆ ಕತ್ತರಿ ಹಾಕುವ ಹಕ್ಕು ಬರೆಯುವವರಿಗೆ ಇದೆಯಾ?

---

ಹಳೇ ಪತ್ರಿಕೆ ರಾಶಿ:

ಒಳ್ಳೆ ಪ್ರಶ್ನೆ. ಆ ಕಾಗದದ ತಾರೀಕು 1861ರ ಜುಲೈ 14. ಒಂದು ವಾರಕ್ಕೆ ಬುಲ್ ರನ್ ಕಾಳಗ (ಮೆಕ್‌ಲೀನ್ ಜಮೀನಿನ ಸುತ್ತ ನಡೆದದ್ದು ಇದೇ), ಅಲ್ಲಿ ಪೆಟ್ಟು ತಿಂದು ಬಲ್ಲೂ ತೀರಿಹೋದ. ಚಿತ್ರದಲ್ಲಿ ಅದು ಮೂರು ಮೂರೂವರೆ ನಿಮಿಷ ಬರುತ್ತದೆ. ಪೂರ್ತಿ ಓದಿದ್ದರೆ ಅದರ ಎರಡರಷ್ಟಾದರೂ ಆಗುತ್ತಿತ್ತು. ನನ್ನ ಅಭಿಪ್ರಾಯ: ಕತ್ತರಿಸಬಹುದು, ಸೇರಿಸಬಾರದು. ಕತ್ತರಿಸಿದ ಮೇಲೂ ಆ ಮನುಷ್ಯ ಹೇಳಲು ಹೊರಟಿದ್ದೇ ಉಳಿದಿರಬೇಕು. ಬಲ್ಲೂ ಕಾಗದದಲ್ಲಿ ಉಳಿದಿದೆ. ಹೆಂಡತಿಯ ಮೇಲಿನ ಪ್ರೀತಿ ಒಂದು ಕಡೆ, ದೇಶದ ಮೇಲಿನ ಪ್ರೀತಿ ಇನ್ನೊಂದು ಕಡೆ, ಎರಡರ ನಡುವೆ ಸಿಕ್ಕಿದ ಒದ್ದಾಟ ಹಾಗೇ ಇದೆ. ಆದರೂ ಮಕ್ಕಳ ಸಾಲುಗಳು ಹೋದದ್ದಕ್ಕೆ ನನಗೂ ಬೇಜಾರಿದೆ.

ವಾರ್ಡ್ ಸತ್ತವರ ಕಾಗದವನ್ನು ಹೇಗೆ ಕಾಣುತ್ತಾರೆ ಅಂತ ತಿಳಿಯಬೇಕಾದರೆ 1995ರ ‘ಕ್ಲೋಸೆಸ್ಟ್ ಕಂಪ್ಯಾನಿಯನ್’ ಓದಿ. ರೂಸ್ವೆಲ್ಟ್‌ಗೆ ಡೇಸಿ ಸಕ್ಲಿ ಅಂತ ಒಬ್ಬರು ದೂರದ ಸಂಬಂಧಿ ಇದ್ದರು. ಮದುವೆಯಾಗಿರಲಿಲ್ಲ, ಹಡ್ಸನ್ ನದಿ ದಂಡೆಯ ವೈಲ್ಡರ್‌ಸ್ಟೈನ್ ಅನ್ನುವ ಹಳೇ ಮನೆಯಲ್ಲಿದ್ದರು. ಅಧ್ಯಕ್ಷರ ಪ್ರಸಿದ್ಧ ನಾಯಿ ಫಾಲಾವನ್ನು ಕೊಟ್ಟವರೂ ಅವರೇ. ತಾನು ಏನೂ ಅಲ್ಲ, ಸುಮ್ನೆ ನೆಂಟಳು ಅಂತ ಕೊನೆಯವರೆಗೂ ಹೇಳಿಕೊಂಡು 1991ರಲ್ಲಿ, ನೂರು ತುಂಬಲು ಕೆಲವೇ ತಿಂಗಳಿರುವಾಗ ತೀರಿಕೊಂಡರು. ಆಮೇಲೆ ಅವರ ಮಂಚದ ಕೆಳಗೆ ಒಂದು ಸವೆದ ಪೆಟ್ಟಿಗೆ ಸಿಕ್ಕಿತು. ಒಳಗೆ ರೂಸ್ವೆಲ್ಟ್ ಕೈಯಾರೆ ಬರೆದ ಕಾಗದಗಳು ಮತ್ತು ಡೇಸಿಯ ದಿನಚರಿ! ಅವನ್ನು ಸಂಪಾದಿಸಿ, ಅಲ್ಲಲ್ಲಿ ಬೇಕಾದ ಟಿಪ್ಪಣಿ ಸೇರಿಸಿ ಪುಸ್ತಕ ಮಾಡಿದ್ದು ವಾರ್ಡ್. ಇಬ್ಬರ ನಡುವೆ ಇದ್ದದ್ದು ಏನು ಅನ್ನುವುದಕ್ಕೆ ಬಣ್ಣ ಕಟ್ಟುವುದು ಸುಲಭವಿತ್ತು. ಅವರು ಹಿಂದೆ ನಿಂತು ಕಾಗದಕ್ಕೆ ಮಾತಾಡಲು ಬಿಟ್ಟರು.

ಇನ್ನೊಂದು. ಅವರ ಮುತ್ತಾತ ಫರ್ಡಿನಾಂಡ್ ವಾರ್ಡ್ ದೊಡ್ಡ ವಂಚಕ. ಮಾಜಿ ಅಧ್ಯಕ್ಷ, ಸಿವಿಲ್ ವಾರ್ ಗೆದ್ದ ಜನರಲ್ ಗ್ರಾಂಟ್ ಜೊತೆ ಪಾಲುದಾರಿಕೆ ಹಣಕಾಸು ಸಂಸ್ಥೆ ನಡೆಸಿ, 1884ರಲ್ಲಿ ಅದು ಮುಳುಗಿದಾಗ ಗ್ರಾಂಟ್ ಬೀದಿಗೆ ಬಂದರು. ಈ ಮುತ್ತಾತನ ಅಪ್ಪ ಅಮ್ಮ ಮದ್ರಾಸಿನಲ್ಲಿ ಮಿಷನರಿಗಳಾಗಿದ್ದವರು ಬೇರೆ. 2012ರಲ್ಲಿ ವಾರ್ಡ್ ಇದನ್ನೆಲ್ಲ ಪುಸ್ತಕ ಮಾಡಿದರು, ಮನೆತನದ ಮರ್ಯಾದೆ ಅಂತ ಏನನ್ನೂ ಮುಚ್ಚಲಿಲ್ಲ. ಹೆತ್ತವರನ್ನು, ಹೆಂಡತಿಯನ್ನು, ಸ್ವಂತ ಮಗನನ್ನೂ ಆತ ಹೇಗೆ ನಡೆಸಿಕೊಂಡ ಅಂತ ಓದಿದರೆ ಸಿಟ್ಟು ಬರುತ್ತದೆ.

---

ರೂಪಕ ಬರೆದವಳು:

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ನಾನು ಆಕಾಶವಾಣಿಗೆ ರೂಪಕಗಳನ್ನು ಬರೆದಿದ್ದೇನೆ, ಆಮೇಲೆ ಸಂಘ ಸಂಸ್ಥೆಗಳ ಚಿಕ್ಕ ಚಿತ್ರಗಳಿಗೂ. ವಾರ್ಡ್ ಅವರಿಗೆ ಒಂದು ಸರಣಿಗೆ ವರ್ಷಗಟ್ಟಲೆ ಸಮಯ ಸಿಕ್ಕಿತು. ವಿಯೆಟ್ನಾಂ ಸರಣಿ ಮಾಡುವುದಕ್ಕೆ ತಂಡ ಹತ್ತು ವರ್ಷ ತೆಗೆದುಕೊಂಡಿತು. ಬೆನ್ನಿಗೆ ಸಾರ್ವಜನಿಕ ಟಿವಿ, ದತ್ತಿ ಸಂಸ್ಥೆಗಳ ಹಣ ಇತ್ತು. ಜೊತೆಗೆ ಸರಣಿಯ ಹೆಸರಿನಲ್ಲೇ ಪುಸ್ತಕವೂ ಬರುತ್ತಿತ್ತು, ಅದನ್ನು ಬರೆಯುತ್ತಿದ್ದದ್ದೂ ಅವರೇ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ ತಂಗಿ. ಕೆಲಸ ಬಿಡಬೇಡಿ.

ಸ್ಕ್ರಿಪ್ಟ್‌ಗೆ ಎಷ್ಟು, ಸಂಶೋಧನೆಗೆ ಬೇರೆ ಎಷ್ಟು, ಎಷ್ಟು ಸಲ ತಿದ್ದಿ ಕೊಡಬೇಕು, ಹೆಸರು ಎಲ್ಲಿ ಬರುತ್ತದೆ, ಈ ನಾಲ್ಕನ್ನೂ ಶುರುವಿಗೇ ಬರೆಸಿಕೊಳ್ಳಿ. ಒಂದು ಸಂಸ್ಥೆ ನನ್ನಿಂದ ಮೂರು ಊರು ಸುತ್ತಿಸಿ ಮಾಹಿತಿ ತರಿಸಿ, ಕೊನೆಗೆ ‘ನಿರೂಪಣೆ ಎರಡೇ ಪುಟ ಇದೆಯಲ್ಲ’ ಅಂತ ಎರಡು ಪುಟದ ದುಡ್ಡು ಕೊಟ್ಟಿತು. ಆ ಎರಡು ಪುಟದ ಹಿಂದೆ ಒಂದು ನೋಟ್‌ಬುಕ್ ತುಂಬಿತ್ತು. ನಿಮ್ಮ ಗೆಳೆಯ ಎರಡು ದಿನದ ಕೆಲಸ ಅಂದಾಗ ನನಗೆ ನೆನಪಾದದ್ದು ಅದೇ.

ನಿಮ್ಮ ಊರಿನಲ್ಲೇ ಕನ್ನಡ ಸಂಶೋಧನಾ ಸಂಸ್ಥೆ ಇದೆ, ವಿದ್ಯಾವರ್ಧಕ ಸಂಘ ಇದೆ. ಹೋಗಿ ಹಳೆ ಕಡತ, ಪತ್ರಿಕೆ ನೋಡುವುದನ್ನು ಈಗಿಂದಲೇ ರೂಢಿ ಮಾಡಿಕೊಳ್ಳಿ. ಮನೆಮನೆಗಳಲ್ಲೂ ಇರುತ್ತವೆ ಕಾಗದಗಳು. ರೈಲ್ವೆಯಲ್ಲಿದ್ದವರು, ಸೈನ್ಯದಲ್ಲಿದ್ದವರು, ಗೋವಾ ವಿಮೋಚನೆಗೆ ಹೋದವರು, ಇವರ ಮಕ್ಕಳು ಮೊಮ್ಮಕ್ಕಳನ್ನು ಕೇಳಿ. ಕೇಳಿದರೆ ಕೊಡುತ್ತಾರೆ. ತಗೊಂಡು ಹೋಗಬೇಡಿ, ಅಲ್ಲೇ ಕೂತು ಫೋನಿನಲ್ಲಿ ಫೋಟೊ ತೆಗೆದು ಹಾಗೇ ವಾಪಸ್ ಕೊಡಿ.

---

ಎಡಿಟ್ ರೂಮಿನವ:

ಮೇಲಿನ ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಓಟು. ಮೇಡಂ, ವಿಷಯ ಇನ್ನೂ ಗಟ್ಟಿ ಆಗಿಲ್ಲದಿದ್ದರೆ ಬೆಂಗೇರಿಯನ್ನೇ ತಗೊಳ್ಳಿ, ಧಾರವಾಡದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ. ಮೊದಲ ಸಲ ಕ್ಯಾಮೆರಾ ಇಲ್ಲದೆ ಹೋಗಿ, ಗೆಳೆಯನೂ ಜೊತೆಗೆ ಬರಲಿ. ಬಂದು ಶುರುವಿನ ಮೂರು ನಿಮಿಷಕ್ಕೆ ಎಷ್ಟು ಬೇಕೋ ಅಷ್ಟು ಬರೆದು ನಿಮ್ಮದೇ ದನಿಯಲ್ಲಿ ಓದಿ ರೆಕಾರ್ಡ್ ಮಾಡಿ. ಕನ್ನಡದಲ್ಲಿ ಮೂರು ನಿಮಿಷಕ್ಕೆ ಇನ್ನೂರು ಪದದ ಮೇಲೆ ಹೋದರೆ ಉಸಿರಾಡಲು ಜಾಗ ಇರುವುದಿಲ್ಲ, ನೋಡಿಕೊಳ್ಳಿ. ಆಡಿಯೊ ಇಲ್ಲೇ ಹಾಕಿ. ನಾನು ಕೇಳಿ ಎಲ್ಲೆಲ್ಲಿ ಕತ್ತರಿಸಬಹುದು ಅಂತ ಗುರುತು ಮಾಡಿ ಕಳಿಸುತ್ತೇನೆ. ಮೇಷ್ಟ್ರು ಕೂಲಿ ಕೇಳಿದಿರಾ ಅಂತ ಕೇಳುತ್ತಾರೆ, ಅದಕ್ಕೂ ಉತ್ತರ ತಂದಿರಿ.